ಬಾಗಲೂರಿನಲ್ಲೊಂದು ಗುರುವಾರ

ಕಣ್ಣು ಬಿಟ್ಟರೆ ಇನ್ನೂ ಕತ್ತಲೆ. ಕಂಬಳಿಯಿಂದ ಹೊರಗಿರುವುದು ಮೂಗೊಂದೇ, ಅದೂ ಮರಗಟ್ಟಿದೆ. ಪಡಸಾಲೆಯ ಆ ಕೊನೆಯಲ್ಲಿ ಬುಡ್ಡಿದೀಪ ಇಟ್ಟುಕೊಂಡು ಅತ್ತೆ ರಾಗಿ ಬೀಸುತ್ತಿದ್ದಾರೆ. ಊರಿಗೆ ಮಿಲ್ಲು ಬಂದಿದೆ, ಕರೆಂಟೂ ಬಂದಿದೆ. ಆದರೆ ಕರೆಂಟು ಇರುವಾಗ ಮಿಲ್ಲಿನವನು ಇರುವುದಿಲ್ಲ, ಮಿಲ್ಲಿನವನು ಇರುವಾಗ ಕರೆಂಟು ಇರುವುದಿಲ್ಲ. ಬೀಸುವ ಕಲ್ಲಿನ ಗುಡುಗುಡು ಸದ್ದು ನೆಲದೊಳಗೇ ಹಾದು ಬಂದು ಚಾಪೆಯಡಿಯಿಂದ ನಿಮ್ಮ ಬೆನ್ನಿಗೆ ತಾಕುತ್ತದೆ.

"ಏಳಪ್ಪಾ, ಒತ್ತು ಉಟ್ತಾ ಐತೆ. ನಿಮ್ಮ ಬೆಂಗ್ಳೂರಾಗೆ ಎಂಟು ಗಂಟೆ ಗಂಟ ಮಲಗ್ತೀರೇನೋ. ಇಲ್ಲಿ ಮಲಗಿದ್ರೆ ಕೋಳಿ ಬಂದು ಮುಖದ ಮ್ಯಾಲೆ ಕುಂತ್ಕೋತವೆ."

ನೀವು ಬೆಂಗಳೂರಿನಲ್ಲಿ ಪಿಯುಸಿ ಓದುವ ಹುಡುಗ. ಇವತ್ತು 1978ರ ಡಿಸೆಂಬರ್ 21, ಗುರುವಾರ. ಚಿಕ್ಕಮಗಳೂರಿನವರು ಹೋದ ತಿಂಗಳಷ್ಟೇ ಗೆಲ್ಲಿಸಿ ಕಳಿಸಿದ ಇಂದಿರಾ ಗಾಂಧಿಯವರನ್ನು ಲೋಕಸಭೆ ಮೊನ್ನೆ ಮಂಗಳವಾರ ಸದಸ್ಯತ್ವದಿಂದ ಕಿತ್ತುಹಾಕಿ ತಿಹಾರ್ ಜೈಲಿಗೆ ಅಟ್ಟಿದೆ. ಬೆಂಗಳೂರಿನಲ್ಲಿ ಗಲಾಟೆ. ಕಬ್ಬನ್ ಪಾರ್ಕ್ ಪಕ್ಕದ ಮೈದಾನದಲ್ಲಿ ನಡೆಯುತ್ತಿದ್ದ ವೆಸ್ಟ್ ಇಂಡೀಸ್ ಟೆಸ್ಟಿನ ಕೊನೆಯ ದಿನದ ಆಟವೂ ನಿಂತುಹೋಯಿತು. ಗಲಾಟೆ ಜೋರಾಗುವ ಮೊದಲೇ ನಿಮ್ಮಪ್ಪ ನಿಮ್ಮನ್ನು ಹೊಸೂರು ಬಸ್ಸು ಹತ್ತಿಸಿ ಸೋದರತ್ತೆಯ ಊರಿಗೆ ಸಾಗಹಾಕಿದ್ದಾರೆ. ಹೊಸೂರಿನಿಂದ ಮಾಲೂರಿನ ದಾರಿಯಲ್ಲಿ 12 ಕಿ.ಮೀ. ಆಸುಪಾಸು ಬಂದರೆ ಬಾಗಲೂರು. ಹೊಸೂರು ತಾಲ್ಲೂಕು, ಧರ್ಮಪುರಿ ಜಿಲ್ಲೆ, ತಮಿಳುನಾಡು.

ಈ ವಿಳಾಸ ಮಾವನಿಗೆ ಇನ್ನೂ ಸರಿಯಾಗಿ ಬಾಯಿಗೆ ಕೂತಿಲ್ಲ. ಅವರು ಹುಟ್ಟಿದಾಗ ಇದು ಸೇಲಂ ಜಿಲ್ಲೆ, ಮದ್ರಾಸ್ ಪ್ರಾಂತ್ಯ, ಅದರೊಳಗೆ ಬಾಗಲೂರು ಪಾಳೆಯಗಾರರ ಜಮೀನು. 1948ರ ಕಾಯಿದೆ ಬಂದು ಜಮೀನ್ದಾರಿಗಳು ಮುಗಿದವು. 1956ರ ನವೆಂಬರ್ 1ರಂದು ರಾಜ್ಯಗಳ ಗಡಿ ಮತ್ತೆ ಎಳೆದಾಗ ಕೊಯಮತ್ತೂರಿನ ಕೊಳ್ಳೇಗಾಲ ಮೈಸೂರಿಗೆ ಸೇರಿತು, ಸೇಲಂನ ಹೊಸೂರು ಇದ್ದಲ್ಲೇ ಇತ್ತು. 1965ರಲ್ಲಿ ಧರ್ಮಪುರಿ ಬೇರೆ ಜಿಲ್ಲೆಯಾಯಿತು, 1969ರಲ್ಲಿ ಮದ್ರಾಸ್ ರಾಜ್ಯ ತಮಿಳುನಾಡಾಯಿತು. ಮಾವ ಮಾತ್ರ ಕಣ ಬಿಟ್ಟು ಕದಲಿಲ್ಲ. "ನಾವೇನ್ ಓಗ್ಲಿಲ್ಲ ಕಣಪ್ಪ, ಊರೇ ಅತ್ಲಾಗೆ ಇತ್ಲಾಗೆ ಓಡಾಡ್ತಾ ಐತೆ" ಅನ್ನುತ್ತಾರೆ.

ಬಚ್ಚಲಿಗೆ ಹೋಗಿ. ಹಂಡೆಯಡಿ ತೊಗರಿ ಕಡ್ಡಿ ಉರಿಯುತ್ತಿದೆ. ಗೋಡೆಯ ಗೂಡಿನಲ್ಲಿ ಎರಡು ಹಲ್ಲುಪುಡಿ ಇವೆ. ಒಂದು ನಂಜನಗೂಡು ಹಲ್ಲುಪುಡಿ, ಅತ್ತೆಯ ತವರಿನ ಕಡೆಯದು. ಇನ್ನೊಂದು ಗೋಪಾಲ್ ಹಲ್ಲುಪುಡಿ, ಹೊಸೂರಿನ ಅಂಗಡಿಯಿಂದ ಮಾವ ತಂದದ್ದು. ಮಕ್ಕಳು ಯಾವುದು ಕೈಗೆ ಸಿಕ್ಕಿತೋ ಅದರಲ್ಲಿ ತಿಕ್ಕಿಕೊಳ್ಳುತ್ತಾರೆ. ಉಗಿದರೆ ಎರಡರದ್ದೂ ಕೆಂಪೇ.

ಅಡುಗೆಮನೆಯ ಹೊಸಿಲಲ್ಲಿ ಅತ್ತೆಯ ಸಣ್ಣ ಮಗಳು ಕೂತು ರಾತ್ರಿ ನೆನೆಹಾಕಿದ ಅವರೆಕಾಳನ್ನು ಎರಡು ಬೆರಳಲ್ಲಿ ಹಿತಕುತ್ತಿದ್ದಾಳೆ. ಬೇಳೆ ಪಾತ್ರೆಗೆ ಬೀಳಬೇಕು, ಆದರೆ ಅವಳ ಗುರಿ ಮೂಲೆಯ ಬೆಕ್ಕು. ಈ ತಿಂಗಳಲ್ಲಿ ಇಲ್ಲಿ ಬೇರೆ ತರಕಾರಿಯ ಹೆಸರು ಹೇಳುವವರಿಲ್ಲ. ಉಪ್ಪಿಟ್ಟಿಗೆ ಅವರೆ, ಸಾರಿಗೆ ಅವರೆ, ರೊಟ್ಟಿಗೂ ಅವರೆ. ಇಬ್ಬನಿ ಬಿದ್ದ ಸೊಗಡವರೆಯ ವಾಸನೆ ಬೆರಳಿಗೆ ಹತ್ತಿದರೆ ಸಂಜೆಯವರೆಗೆ ಬಿಡುವುದಿಲ್ಲ, ಬಿಡಲಿ ಎಂದು ಯಾರೂ ಬಯಸುವುದೂ ಇಲ್ಲ. ಆನೇಕಲ್ಲಿನಿಂದ ಮಾಲೂರಿನವರೆಗೆ, ಇತ್ತ ಬೇರಿಗೆ, ಶೂಳಗಿರಿಯವರೆಗೆ ಈ ಹೊತ್ತಿನಲ್ಲಿ ಒಂದೇ ಸಾರು ಕುದಿಯುತ್ತಿರುತ್ತದೆ.

ಏಳು ಗಂಟೆಗೆ ಮಾವನ ಜೊತೆ ಹೊರಬೀಳಿ. ಬಸ್ಸು ನಿಲ್ಲುವ ಕಡೆ ಒಂದು ಟೀ ಅಂಗಡಿ. ಮುಂದೆ ಎರಡು ಬೆಂಚು, ಒಳಗೆ ಒಂದು ಮರ್ಫಿ ರೇಡಿಯೋ, ಅದಕ್ಕೆ ಕಸೂತಿ ಹಾಕಿದ ಬಟ್ಟೆಯ ಮುಸುಕು. ಇಲ್ಲಿ ಬೆಳಗಿನ ಹೊತ್ತು ರೇಡಿಯೋದ ಮುಳ್ಳು ಒಂದೆಡೆ ನಿಲ್ಲುವುದಿಲ್ಲ. ಏಳು ದಾಟುತ್ತಿದ್ದಂತೆ ದಿಲ್ಲಿಯಿಂದ ತೆಲುಗು ವಾರ್ತೆ, ಏಳೂಕಾಲಿಗೆ ತಮಿಳು ವಾರ್ತೆ, 7.35ಕ್ಕೆ ಕನ್ನಡ ವಾರ್ತೆ. ಅಂಗಡಿಯವನು ಒಂದು ಕೈಯಲ್ಲಿ ಟೀ ಎತ್ತಿ ಸುರಿಯುತ್ತ ಇನ್ನೊಂದು ಕೈಯಲ್ಲಿ ತಿರುಪು ತಿರುಗಿಸುತ್ತಾನೆ. ತೆಲುಗಿಗೆ ಬಂದವರು ತಮಿಳು ಮುಗಿಯುವವರೆಗೂ ಇರುತ್ತಾರೆ, ತಮಿಳಿಗೆ ಬಂದವರು ಕನ್ನಡ ಮುಗಿಸಿಕೊಂಡು ಏಳುತ್ತಾರೆ. ಸುದ್ದಿ ಮೂರರಲ್ಲೂ ಒಂದೇ ಎಂಬುದು ಎಲ್ಲರಿಗೂ ಗೊತ್ತು. ಆದರೂ ಮೂರನೆಯ ಸಲ ಕೇಳುವಾಗ ಏನಾದರೂ ಹೊಸದು ಹೊರಬೀಳಬಹುದು ಎಂಬ ಆಸೆ.

ಇವತ್ತು ಹೊಸದೇ ಇದೆ. ನಿನ್ನೆ ಸಂಜೆ ಲಖನೌದಿಂದ ದಿಲ್ಲಿಗೆ ಹೊರಟಿದ್ದ ಇಂಡಿಯನ್ ಏರ್‌ಲೈನ್ಸ್ ವಿಮಾನವನ್ನು ಇಬ್ಬರು ಹುಡುಗರು ವಾರಾಣಸಿಗೆ ತಿರುಗಿಸಿದ್ದಾರಂತೆ. ಇಂದಿರಮ್ಮನನ್ನು ಬಿಡಬೇಕಂತೆ.

"ಬಸ್ಸು ನಿಲ್ಸೋದು ಕೇಳಿದ್ದೆ, ಇದೇನ್ರೀ ಇಮಾನ ನಿಲ್ಸೋದು?"

"ಅಂದ್ರೆ ಆಯಮ್ಮನ್ನ ಬಿಡ್ತಾರಾ?"

"ವಿಡಮಾಟ್ಟಾಂಗ. ಮೊರಾರ್ಜಿ ಬಿಡಲ್ಲ ಸಾಮಿ, ಅವನು ಕಲ್ಲು."

"ಚೂಸ್ತಾ ಉಂಡು, ಆಕೆ ಮತ್ತೆ ಬರ್ತಾಳೆ."

ಆ ಹುಡುಗರು ಇವತ್ತೇ ಶರಣಾಗುತ್ತಾರೆ, ಅವರ ಕೈಯಲ್ಲಿದ್ದದ್ದು ಆಟಿಕೆ ಪಿಸ್ತೂಲು ಎಂದು ಆಮೇಲೆ ಗೊತ್ತಾಗುತ್ತದೆ, 1980ರಲ್ಲಿ ಇಬ್ಬರೂ ಉತ್ತರಪ್ರದೇಶದಲ್ಲಿ ಶಾಸಕರಾಗುತ್ತಾರೆ. ಬೆಂಚಿನ ಮೇಲಿರುವ ಯಾರಿಗೂ ಅದು ಈಗ ತಿಳಿಯದು. "ಮತ್ತೆ ಬರ್ತಾಳೆ" ಎಂದ ತೆಲುಗು ಮನೆಯ ಮುದುಕರ ಮಾತು ಮಾತ್ರ ಒಂದು ವರ್ಷ ದಾಟುತ್ತಿದ್ದಂತೆ ನಿಜವಾಗುತ್ತದೆ.

ಟೀ ಕುಡಿಯುತ್ತ ಒಂದು ಕಡೆ ನೋಡದೆ ಇರಬೇಡಿ. ಅಂಗಡಿಯ ಚಪ್ಪರದ ಹೊರಗೆ, ಗಳಕ್ಕೆ ಸಿಕ್ಕಿಸಿದ ಮೂರು ಅಲ್ಯೂಮಿನಿಯಂ ಲೋಟಗಳಿವೆ. ಕೇರಿಯಿಂದ ಬಂದ ಆಳುಮಕ್ಕಳು ಲೋಟವನ್ನು ತಾವೇ ತೆಗೆದುಕೊಂಡು ಮುಂದೆ ಹಿಡಿಯುತ್ತಾರೆ. ಅಂಗಡಿಯವನು ಮೇಲಿನಿಂದ ಸುರಿಯುತ್ತಾನೆ. ಕುಡಿದ ಮೇಲೆ ತಾವೇ ತೊಳೆದು ಮತ್ತೆ ಗಳಕ್ಕೆ ಸಿಕ್ಕಿಸುತ್ತಾರೆ. ಬೆಂಚಿನ ಮೇಲೆ ಎರಡು ಜಾಗ ಖಾಲಿ ಇವೆ, ಅವರು ನಿಂತೇ ಇದ್ದಾರೆ. ಇದನ್ನು ತಪ್ಪೆಂದು ಹೇಳುವ ಕಾಯಿದೆ 1955ರಲ್ಲೇ ಬಂದಿದೆ, ಎರಡು ವರ್ಷದ ಹಿಂದೆ ಅದಕ್ಕೆ ನಾಗರಿಕ ಹಕ್ಕುಗಳ ರಕ್ಷಣಾ ಕಾಯಿದೆ ಎಂದು ಹೊಸ ಹೆಸರಿಟ್ಟು ಬಿಗಿ ಮಾಡಿದ್ದಾರೆ. ಹಳೆಯ ದಿನಗಳನ್ನು ನೆನೆದು ಬರೆಯುವವರು ಟೀಯ ರುಚಿಯನ್ನು ಮರೆಯದೆ ಬರೆಯುತ್ತಾರೆ, ಗಳದ ಲೋಟವನ್ನು ಮರೆಯುತ್ತಾರೆ. ಮೂರು ಭಾಷೆಗೂ ಜಾಗ ಕೊಟ್ಟ ಈ ಬೆಂಚು ಕೇರಿಯವರಿಗೆ ಕೊಡಲಿಲ್ಲ.

ಒಂಬತ್ತಕ್ಕೆ ಅತ್ತೆಯ ಮಗನ ಜೊತೆ ಶಾಲೆಯತ್ತ ನಡೆಯಿರಿ. ಅವನಿಗೆ ಅರ್ಧ ವರ್ಷದ ಪರೀಕ್ಷೆ, ಐದನೇ ಕ್ಲಾಸು, ಕನ್ನಡ ಮೀಡಿಯಂ. ಜೇಬಿನಲ್ಲಿ ಸುಟ್ಟ ಹುಣಸೆಬೀಜ, ಕೈಯಲ್ಲಿ ಪರೀಕ್ಷೆಯ ರಟ್ಟು, ಬಾಯಲ್ಲಿ ಕಮ್ಮರಕಟ್ಟು. ಕಮ್ಮರಕಟ್ಟು ಇರುವ ಬಾಯಲ್ಲೇ ಚೋಳರ ರಾಜರಾಜನ ಸಾಧನೆಗಳನ್ನು ಒಪ್ಪಿಸಿಕೊಳ್ಳುತ್ತಿದ್ದಾನೆ. ನೀವು ಹುಡುಗಾಟಕ್ಕೆ, "ಇಮ್ಮಡಿ ಪುಲಿಕೇಶಿ ಗೊತ್ತೇನೋ?" ಎಂದು ಕೇಳಿದರೆ ಅನುಮಾನದಿಂದ ನೋಡುತ್ತಾನೆ. "ಗೊತ್ತು. ಪಲ್ಲವರ ನರಸಿಂಹವರ್ಮನ ಕೈಲಿ ಸೋತೋನು."

ನಗಬೇಡಿ. ಅವನು ಹೇಳಿದ್ದು ಸರಿಯೇ. ಬೆಂಗಳೂರಿನಲ್ಲಿ ನೀವು ಓದಿದ ಪಾಠ ಪುಲಿಕೇಶಿ ಹರ್ಷನನ್ನು ಗೆದ್ದ ಕಡೆ ನಿಧಾನಿಸುತ್ತದೆ, ಇವನ ಪಾಠ ವಾತಾಪಿ ಬಿದ್ದ ಕಡೆ. ಎರಡೂ ಕನ್ನಡ ಅಕ್ಷರದಲ್ಲೇ ಅಚ್ಚಾಗಿವೆ. ಅವನ ಪುಸ್ತಕ ಮದ್ರಾಸಿನಿಂದ ಬಂದದ್ದು. ತಮಿಳುನಾಡಿನ ಪಠ್ಯಪುಸ್ತಕ ಸಂಸ್ಥೆ 1970ರಿಂದ ತಮಿಳಿನ ಜೊತೆಗೆ ತೆಲುಗು, ಕನ್ನಡ, ಮಲಯಾಳಂ, ಉರ್ದು ಪುಸ್ತಕಗಳನ್ನೂ ಹೊರತರುತ್ತಿದೆ. ಮೊದಲ ಪುಟದಲ್ಲಿ ಅಸ್ಪೃಶ್ಯತೆ ಪಾಪ, ಅಪರಾಧ, ಅಮಾನುಷ ಎಂಬ ಅರ್ಥದ ಮೂರು ಸಾಲುಗಳು. ಟೀ ಅಂಗಡಿಯಿಂದ ಕೂಗಳತೆಯ ದೂರದಲ್ಲಿ ಮಕ್ಕಳು ಆ ಪುಟ ತೆರೆದು ಮುಂದಿನ ಪುಟಕ್ಕೆ ಹೋಗುತ್ತಾರೆ. ಭೂಗೋಳದಲ್ಲಿ ತಂಜಾವೂರಿನ ಬತ್ತ, ನೈವೇಲಿಯ ಕಲ್ಲಿದ್ದಲು, ಮೆಟ್ಟೂರು ಅಣೆಕಟ್ಟು. ಮಾಲೂರಿನ ಹೆಂಚು ಅದರಲ್ಲಿಲ್ಲ, ಅವನ ಮನೆಯ ಮೇಲಿದೆ.

ಗಂಟೆ ಹೊಡೆಯಿತು. ಅಂಗಳದಲ್ಲಿ ಸಾಲು ನಿಂತವರು ಮೊದಲು ತಮಿಳ್ ತಾಯ್ ವಾಳ್ತು ಹಾಡುತ್ತಾರೆ. ಮನೋನ್ಮಣಿಯಂ ಸುಂದರಂ ಪಿಳ್ಳೈ ಬರೆದ ಆ ಪದ್ಯವನ್ನು 1970ರಲ್ಲಿ ಸರ್ಕಾರ ನಾಡಿನ ಪ್ರಾರ್ಥನೆ ಎಂದು ಗೊತ್ತುಮಾಡಿದೆ. ಕನ್ನಡ ಮನೆಯ ಹುಡುಗರು, ತೆಲುಗು ಮನೆಯ ಹುಡುಗಿಯರು, ಉರ್ದು ಮನೆಯ ಚಿಕ್ಕವರು, ಎಲ್ಲರೂ ಗಂಟಲು ಹರಿಯುವಂತೆ ಹಾಡುತ್ತಾರೆ. ಯಾರಿಗೂ ಮುಜುಗರವಿಲ್ಲ. ಹಾಡು ಮುಗಿದರೆ ಕನ್ನಡ ಮೇಷ್ಟ್ರು ಕನ್ನಡದ ಕೋಣೆಗೆ, ತಮಿಳು ಮೇಷ್ಟ್ರು ತಮಿಳಿನ ಕೋಣೆಗೆ. ಮಧ್ಯಾಹ್ನ ಕೇರ್ ಸಂಸ್ಥೆಯ ಗೋಧಿನುಚ್ಚಿನ ಉಪ್ಪಿಟ್ಟಿಗೆ ಮತ್ತೆ ಒಂದೇ ಸಾಲು. ಅದರ ಎಣ್ಣೆಯ ವಾಸನೆ ನಿಮಗೂ ಗೊತ್ತು, ಬೆಂಗಳೂರಿನ ಶಾಲೆಯಲ್ಲೂ ತಿಂದಿದ್ದೀರಿ. ಅಮೆರಿಕದ ಗೋಧಿಗೆ ಗಡಿಯ ಎರಡು ಕಡೆಯೂ ಒಂದೇ.

ಮೇಷ್ಟ್ರು ನಿಮ್ಮನ್ನು ನೋಡಿ ನಿಲ್ಲುತ್ತಾರೆ. "ಬೆಂಗಳೂರಾ? ಪಿಯುಸಿನಾ? ಇಲ್ಲಿ ಈ ವರ್ಷದಿಂದ ಪ್ಲಸ್ ಟೂ ಅಂತ ಬಂದಿದೆಯಪ್ಪ. ಹತ್ತು ಮುಗಿಸಿದ ಕನ್ನಡದ ಹುಡುಗರು ಎಲ್ಲಿಗೆ ಹೋಗಬೇಕು ಹೇಳು?" ನಿಮ್ಮಲ್ಲಿ ಉತ್ತರವಿಲ್ಲ. ಅವರೂ ಅದಕ್ಕೆ ಕಾಯುವುದಿಲ್ಲ. ಕೆಲವರು ಆನೇಕಲ್ಲಿಗೆ, ಮಾಲೂರಿಗೆ ಹೋಗುತ್ತಾರೆ. ಕೆಲವರು ತಮಿಳಿನಲ್ಲಿ ಮತ್ತೆ ಮೊದಲಿನಿಂದ ಶುರು ಮಾಡುತ್ತಾರೆ. ಹೆಚ್ಚಿನವರು ಕಣಕ್ಕೆ.

ಕಣದಲ್ಲಿ ಹೊತ್ತು ಕಳೆಯೋಣ, ಇವತ್ತಿನ ದಿನ ನಿಜವಾಗಿ ಇರುವುದು ಅಲ್ಲೇ. ಸಗಣಿ ಸಾರಿಸಿ ಒಣಗಿಸಿದ ದುಂಡು ನೆಲ, ನಡುವೆ ಮೇಟಿ, ಸುತ್ತ ಹರಡಿದ ರಾಗಿ ತೆನೆಹುಲ್ಲು. ಎರಡು ಎತ್ತು ಕಲ್ಲಿನ ಗುಂಡನ್ನು ಎಳೆಯುತ್ತ ಸುತ್ತುತ್ತವೆ. ಹಿಂದೆ ಒಬ್ಬ ಹುಡುಗ ಮಂಕರಿ ಹಿಡಿದು ಓಡುತ್ತಾನೆ. ಎತ್ತು ಬಾಲ ಎತ್ತಿದ ಕೂಡಲೇ ಮಂಕರಿ ಒಡ್ಡಬೇಕು, ಸಗಣಿ ರಾಗಿಗೆ ಬೀಳಬಾರದು. ಈ ಕೆಲಸದಲ್ಲಿ ಎಡವಿದವನಿಗೆ ಇಡೀ ಊರೇ ಬೈಯುತ್ತದೆ, ಅದೂ ಮೂರು ಭಾಷೆಯಲ್ಲಿ.

ಮಾವನ ಹೊಲದ ರಾಗಿ ಈ ಸಲ ಬೇರೆ. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಬೆರಸಿ ಮಾಡಿದ ಇಂಡಾಫ್ ತಳಿ. ಮಾಲೂರಿನ ನೆಂಟರ ಮನೆಯಿಂದ ಒಂದು ಚೀಲ ಬೀಜ ಬಸ್ಸಿನ ಸೀಟಿನ ಕೆಳಗೆ ಕೂತು ರಾಜ್ಯ ದಾಟಿದೆ. ಸರ್ಕಾರ ಹಂಚಿದ್ದಲ್ಲ, ಬೀಗರು ಹಂಚಿದ್ದು. ತೆನೆ ದಪ್ಪ, ಹುಲ್ಲು ಗಿಡ್ಡ. "ರಾಗಿ ನಮಗೆ ಸರಿ, ದನಕ್ಕೆ ಏನ್ ಆಕ್ಲಿ?" ಎಂದು ಪಕ್ಕದ ಹೊಲದವರ ತಕರಾರು. ಮಾವ ಅಕ್ಕಡಿ ಸಾಲಿನ ಕಡೆ ಕೈ ತೋರಿಸುತ್ತಾರೆ. ರಾಗಿಯ ನಡುವೆ ಸಾಲು ಬಿಟ್ಟು ಅವರೆ, ತೊಗರಿ, ಜೋಳ, ಅಂಚಿಗೆ ಹುಚ್ಚೆಳ್ಳು. ಮಳೆ ಒಂದನ್ನು ಕೈಬಿಟ್ಟರೆ ಇನ್ನೊಂದು ಉಳಿಯುತ್ತದೆ.

ಮಧ್ಯಾಹ್ನ ಗಾಳಿ ಎದ್ದ ಮೇಲೆ ತೂರುವುದು. ಮುಕ್ಕಾಲಿ ಹತ್ತಿ ನಿಂತವನು ಮೊರ ಎತ್ತಿ ನಿಧಾನವಾಗಿ ಅಲ್ಲಾಡಿಸುತ್ತಾನೆ. ಹೊಟ್ಟು ಬೇಲಿಯ ಕಡೆ ತೇಲುತ್ತದೆ, ಕಾಳು ನೇರ ಕೆಳಗೆ. ನಿಮ್ಮ ಕಣ್ಣು, ಕತ್ತು, ಅಂಗಿಯೊಳಗೆಲ್ಲ ಹೊಟ್ಟಿನ ತುರಿಕೆ. ರಾಶಿಯಾದ ಮೇಲೆ ಸಗಣಿಯ ಬೆನವ ಮಾಡಿ ಗರಿಕೆ ಸಿಕ್ಕಿಸಿ ತುದಿಯಲ್ಲಿಟ್ಟು ಕೈಮುಗಿಯುತ್ತಾರೆ. ಆಮೇಲೆ ಅಳೆಯುವುದು. ಮೊದಲ ಮೊರ ಮನೆಗಲ್ಲ. ಬಡಗಿಗೆ, ಕಮ್ಮಾರನಿಗೆ, ಮಡಿವಾಳನಿಗೆ, ತೋಟಿಗೆ, ಗುಡಿಯ ಪೂಜಾರಿಗೆ ಆಯ. ಎಲ್ಲರೂ ಚೀಲ ಹಿಡಿದು ಬಂದು ಕೂತಿದ್ದಾರೆ. ಇದನ್ನು ಈಗಿನವರು ಊರಿನ ಒಗ್ಗಟ್ಟು ಎಂದು ಹೊಗಳುವುದುಂಟು. ಕೂತಿರುವವರ ಮುಖ ನೋಡಿದರೆ ಹೊಗಳಿಕೆ ಸ್ವಲ್ಪ ಕಡಿಮೆಯಾದೀತು. ಯಾರಿಗೆ ಎಷ್ಟು ಎಂದು ಅಳೆಯುವ ಕೈ ಒಂದೇ ಇದೆ, ಕಾಯುವ ಕೈಗಳು ಹಲವು. ಉಳಿದ ರಾಗಿ ಹಗೇವಿಗೆ ಇಳಿಯುತ್ತದೆ. ನೆಲದಡಿಯ ಆ ಗುಂಡಿಯಲ್ಲಿ ಅದು ವರ್ಷಗಟ್ಟಲೆ ಹುಳ ಹಿಡಿಯದೆ ಇರುತ್ತದೆ.

ಮೈ ತುರಿಕೆ ಕಳೆಯಲು ಹೊಳೆ. ಪುಸ್ತಕದಲ್ಲಿ ಇದರ ಹೆಸರು ದಕ್ಷಿಣ ಪಿನಾಕಿನಿ, ತಮಿಳಿನಲ್ಲಿ ತೆನ್‌ಪೆಣ್ಣೈ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ ಹೊಸಕೋಟೆ ಹಾದು ಬಾಗಲೂರಿನ ಸೀಮೆಗೆ ಬಂದು ತಮಿಳುನಾಡಿಗೆ ಕಾಲಿಡುತ್ತದೆ. ಮಳೆಗಾಲ ಮುಗಿದು ತಿಂಗಳಾಗಿದೆ, ನೀರು ಮೊಣಕಾಲಿಗೆ. ತಳದ ಮರಳು ಕಾಣುತ್ತದೆ, ಮರಳಿನ ಮೇಲೆ ಮೀನಿನ ಮರಿಗಳ ನೆರಳು ಕಾಣುತ್ತದೆ. ದಡದಲ್ಲಿ ಹೆಂಗಸರು ಮರಳು ತೋಡಿ ಒರತೆ ಮಾಡಿ, ತಿಳಿನೀರು ಜಿನುಗುವವರೆಗೆ ಹರಟುತ್ತ ಕೂತು, ಚಿಪ್ಪಿನಿಂದ ಬಿಂದಿಗೆಗೆ ತುಂಬುತ್ತಾರೆ. "ಏ ಬೆಂಗ್ಳೂರಣ್ಣ, ಮ್ಯಾಗಡೆ ಈಜಾಡಬ್ಯಾಡ, ಕುಡಿಯೋ ನೀರು!" ನೀವು ನಾಚಿಕೊಂಡು ಕೆಳಗಿನ ಮಡುವಿಗೆ ಹೋಗುತ್ತೀರಿ. ಮೇಲುಗಡೆ ಯಾರೂ ಕೊಳಕು ಮಾಡಬಾರದು. ಊರೊಳಗಿನ ಈ ಕಟ್ಟಳೆಯನ್ನು ಬೆಂಗಳೂರು ಎಂಬ ಊರು ಮುಂದೆ ಒಪ್ಪಲಿಲ್ಲ. ಅದನ್ನು ಆಮೇಲೆ ಹೇಳುತ್ತೇನೆ.

ಸಂಜೆ ಐದು. ನಾಲ್ಕೈದು ಸೈಕಲ್ಲುಗಳು ಒಟ್ಟಿಗೆ ಸರ್ಜಾಪುರದ ಕಡೆಗೆ ಹೊರಟಿವೆ. ಸವಾರರೆಲ್ಲ ತಲೆ ಬಾಚಿಕೊಂಡಿದ್ದಾರೆ, ಯಾರ ಕೈಯಲ್ಲೂ ಸಾಮಾನಿಲ್ಲ. ಎಲ್ಲಿಗೆ ಎಂದು ಕೇಳಿದರೆ, "ಸುಮ್ನೆ, ಗಾಳಿ ತಗೊಂಡ್ ಬರಾನ ಅಂತ" ಎನ್ನುತ್ತಾರೆ. ಆ ಗಾಳಿ ಕರ್ನಾಟಕದ ಸಾರಾಯಿ ಅಂಗಡಿಯ ಮುಂದೆ ಬೀಸುತ್ತದೆ. ತಮಿಳುನಾಡಿನಲ್ಲಿ ಈಗ ಪಾನನಿಷೇಧ. ಇಡೀ ಮದ್ರಾಸ್ ಪ್ರಾಂತ್ಯದಲ್ಲಿ ಮೊದಲು ಪಾನನಿಷೇಧ ಬಂದದ್ದೇ ಈ ಸೇಲಂ ಜಿಲ್ಲೆಗೆ, 1937ರ ಅಕ್ಟೋಬರ್ 1ರಂದು. ತಂದವರು ರಾಜಾಜಿ, ಹೊಸೂರಿನ ಪಕ್ಕದ ತೊರಪಳ್ಳಿಯಲ್ಲಿ ಹುಟ್ಟಿದವರು. 1971ರಲ್ಲಿ ಕರುಣಾನಿಧಿ ಸರ್ಕಾರ ಅಂಗಡಿ ತೆರೆಯಿತು, 1974ರಲ್ಲಿ ತಾನೇ ಮುಚ್ಚಿತು. ಎಂಜಿಆರ್ ಮತ್ತೆ ತೆರೆಯುವುದು 1981ರಲ್ಲಿ. ಅಲ್ಲಿಯವರೆಗೆ ಈ ಸೈಕಲ್ಲುಗಳಿಗೆ ಬಿಡುವಿಲ್ಲ. ಹೋಗುವಾಗ ಸಾಲಾಗಿ ಹೋದವು, ಬರುವಾಗ ರಸ್ತೆ ಸಾಲದು.

ಗಡಿ ಎಂದರೆ ಇಲ್ಲಿನವರಿಗೆ ಹೀಗೆ. ಅದರ ಮೇಲೆ ಜಗಳವಿಲ್ಲ, ವ್ಯಾಪಾರವಿದೆ. ಆ ಕಡೆ ಸಾರಾಯಿ ಸಿಕ್ಕರೆ ಆ ಕಡೆ, ಈ ಕಡೆ ಅಕ್ಕಿ ಅಗ್ಗವಾದರೆ ಈ ಕಡೆ. ಅಕ್ಕಿಯನ್ನು ರಾಜ್ಯ ದಾಟಿಸಬಾರದೆಂಬ ಕಟ್ಟು ಹೋದ ವರ್ಷವಷ್ಟೇ ಸಡಿಲಾಗಿದೆ. ಅದಕ್ಕೂ ಮುಂಚೆ ಅತ್ತೆ ಬೆಂಗಳೂರಿನ ತಮ್ಮನ ಮನೆಗೆ ಬರುವಾಗ ಸೀರೆಯ ಗಂಟಿನೊಳಗೆ ಅಕ್ಕಿ ಇಟ್ಟುಕೊಂಡು, ಅತ್ತಿಬೆಲೆಯ ಚೆಕ್‌ಪೋಸ್ಟಿನಲ್ಲಿ ಮಗುವನ್ನು ಚಿವುಟಿ ಅಳಿಸುತ್ತಿದ್ದರಂತೆ. ಅಳುವ ಮಗುವಿನ ತಾಯಿಯ ಗಂಟು ಬಿಚ್ಚಿಸುವಷ್ಟು ಕಲ್ಲೆದೆಯ ಪೇದೆ ಇರಲಿಲ್ಲ. ಆ ಮಗು ಈಗ ಬೆಕ್ಕಿಗೆ ಅವರೆಬೇಳೆ ಹಾರಿಸುತ್ತಿರುವ ಹುಡುಗಿ.

ರಾತ್ರಿ ಊಟ ಬೇಗ. ಬಿಸಿ ಮುದ್ದೆ, ಹಿತಕಿದ ಬೇಳೆ ಸಾರು, ಮೇಲೆ ಒಂದು ಚಮಚ ತುಪ್ಪ, ನೀವು ನೆಂಟರಾದ್ದರಿಂದ ಎರಡು. ಟೂರಿಂಗ್ ಟೆಂಟಿನಿಂದ ಹಾಡು ಕೇಳಿಬರುತ್ತಿದೆ. ಘಂಟಸಾಲ ಹಾಡಿದ ವೆಂಕಟೇಶನ ಹಾಡು ಬಂತೆಂದರೆ ಈ ರಾತ್ರಿ ಕನ್ನಡವೋ ತೆಲುಗೋ. ಸೀರ್ಕಾಳಿ ಗೋವಿಂದರಾಜನ್ ಹಾಡಿದ ವಿನಾಯಕನ ಹಾಡು ಬಂದರೆ ತಮಿಳು. ಮನೆಯಲ್ಲಿ ಕೂತೇ ಗೊತ್ತಾಗುತ್ತದೆ. ಇವತ್ತು ವೆಂಕಟೇಶ. ಚಿತ್ರ 'ಬಂಗಾರದ ಮನುಷ್ಯ'. ಬಂದು ಆರು ವರ್ಷವಾದರೂ ರೀಲು ಊರೂರು ಅಲೆಯುತ್ತಲೇ ಇದೆ.

ಟೆಂಟಿನಲ್ಲಿ ನೆಲ, ಬೆಂಚು, ಕುರ್ಚಿ. ನೆಲಕ್ಕೆ ಹೋಗಿ, ಮಜಾ ಅಲ್ಲೇ. ಮರಳು ಗುಡ್ಡೆ ಮಾಡಿಕೊಂಡು ಎತ್ತರಕ್ಕೆ ಕೂರಬಹುದು, ಹಿಂದಿನವರು ಬೈದರೆ ಗುಡ್ಡೆ ಇಳಿಸಬೇಕು. ರಾಜ್‌ಕುಮಾರ್ ಬರಡು ನೆಲದಲ್ಲಿ ನೀರು ಕಂಡಾಗ ಮಾವ ಕಣ್ಣೊರೆಸಿಕೊಳ್ಳುತ್ತಾರೆ. ಪಕ್ಕದಲ್ಲಿ ಕೂತ ತಮಿಳು ಮನೆಯವರೂ ಒರೆಸಿಕೊಳ್ಳುತ್ತಾರೆ. ರೀಲು ಬದಲಿಸುವಾಗ ಹುಡುಗರ ವಾದ ಶುರುವಾಗುತ್ತದೆ. ಈ ವರ್ಷದ ಗಲಾಟೆಯೆಲ್ಲ ರಜನಿಕಾಂತ್ ಬಗ್ಗೆ. "ಅವನು ನಮ್ಮ ಬೆಂಗ್ಳೂರು ಬಸ್ ಕಂಡಕ್ಟರು" ಎಂದು ನೀವು ಎದೆಯುಬ್ಬಿಸಿ ಹೇಳುತ್ತೀರಿ. "ಅವರ ತಾತನ ಊರು ನಾಚ್ಚಿಕುಪ್ಪಂ, ಕೃಷ್ಣಗಿರಿ ಹತ್ರ, ನಮ್ಮ ಜಿಲ್ಲೆ" ಎಂದು ಒಬ್ಬ ಮುಖಕ್ಕೆ ಹೊಡೆದಂತೆ ಹೇಳುತ್ತಾನೆ. "ಅವರ ಮನೇಲಿ ಮಾತಾಡೋದು ಮರಾಠಿ ಕಣ್ರಲೋ" ಎಂದು ಮೂರನೆಯವನು. 'ಮುಳ್ಳುಂ ಮಲರುಂ', 'ಕಿಲಾಡಿ ಕಿಟ್ಟು' ಎರಡೂ ಇದೇ ವರ್ಷ ಬಂದಿವೆ. ವಾದ ತೀರುವ ಮೊದಲೇ ದೀಪ ಆರುತ್ತದೆ.

ವಾಪಸು ನಡೆಯುವಾಗ ಮಾವ ಹಿರಿಮಗಳ ಮದುವೆಯ ಮಾತೆತ್ತುತ್ತಾರೆ. ಗಂಡು ಮಾಸ್ತಿ ಕಡೆಯವನು. ಎಚ್‌ಎಂಟಿ ವಾಚು ಬೇಕಂತೆ. ಬೆಂಗಳೂರಿನ ಕಾರ್ಖಾನೆಯಲ್ಲಿ ಪರಿಚಯ ಇದ್ದವರು ಯಾರಾದರೂ ಸಿಕ್ಕಾರೇ ಎಂದು ನಿಮ್ಮನ್ನು ಕೇಳುತ್ತಾರೆ. ಹೊಸೂರಿನ ಬಯಲಲ್ಲಿ ಸರ್ಕಾರದ ಕೈಗಾರಿಕಾ ಸಂಸ್ಥೆ ಸಿಪ್ಕಾಟ್‌ನವರು ಜಮೀನು ಹಿಡಿದಿದ್ದಾರೆ, ಏನೇನೋ ಕಟ್ಟುತ್ತಾರಂತೆ, ಹೊಲ ಹೋದವರಿಗೆ ಕೆಲಸ ಕೊಡುತ್ತಾರೋ ಇಲ್ಲವೋ ಎಂದೂ ಮಾತು ಬರುತ್ತದೆ.

ಈ ದಿನದಿಂದ ಹೊರಗೆ ಬನ್ನಿ. ಕಟ್ಟಿದರು. 1980ರಲ್ಲಿ ಅಶೋಕ್ ಲೇಲ್ಯಾಂಡ್ ಲಾರಿ, ಅದೇ ವರ್ಷ ಟಿವಿಎಸ್ ಮೊಪೆಡ್, 1987ರ ಹೊತ್ತಿಗೆ ಟೈಟನ್. ಮಾಸ್ತಿಯ ಅಳಿಯನಿಗೆ ಬೆಂಗಳೂರಿನಿಂದ ಕಾಡಿಬೇಡಿ ವಾಚು ತರಿಸಬೇಕಿತ್ತು, ಮುಂದೆ ಹೊಸೂರೇ ದೇಶಕ್ಕೆಲ್ಲ ವಾಚು ಕಟ್ಟುವ ಊರಾಯಿತು. ಬಾಗಲೂರು, ಬೇರಿಗೆ ಸೀಮೆಯ ಎಷ್ಟೋ ಕಣಗಳ ಮೇಲೆ ಈಗ ಪ್ಲಾಸ್ಟಿಕ್ ಹೊದಿಸಿದ ಗುಲಾಬಿ ಮನೆಗಳಿವೆ. ಫೆಬ್ರವರಿ ಬಂತೆಂದರೆ ಅಲ್ಲಿನ ಗುಲಾಬಿ ವಿಮಾನ ಹತ್ತುತ್ತದೆ. 2004ರಲ್ಲಿ ಕೃಷ್ಣಗಿರಿ ಜಿಲ್ಲೆಯಾಗಿ ಊರಿನ ವಿಳಾಸ ಇನ್ನೊಮ್ಮೆ ಬದಲಾಯಿತು. ಗಳದ ಲೋಟ ಕಣ್ಣಿಗೆ ಕಾಣುವುದಿಲ್ಲ, ರಾಗಿ ಬೀಸುವ ಕೆಲಸ ಹೆಂಗಸರ ತೋಳಿನಿಂದ ಇಳಿದಿದೆ. ಇವೆರಡಕ್ಕಾಗಿ ನಾನು ಆ ಕಾಲವನ್ನು ಎಳ್ಳಷ್ಟೂ ಹಂಬಲಿಸುವುದಿಲ್ಲ. ಆ ಕಾಲ ಚೆನ್ನಾಗಿತ್ತು ಎಂದು ನಿಟ್ಟುಸಿರಿಡುವವರಿಗೆ, ಮುಂಜಾನೆ ನಾಲ್ಕಕ್ಕೆದ್ದು ಅತ್ತೆಯ ಕಲ್ಲನ್ನು ಒಂದು ಸೇರು ಬೀಸಿ ಆಮೇಲೆ ನಿಟ್ಟುಸಿರಿಡಿ ಎನ್ನಬೇಕು.

ನಿಜವಾಗಿ ಕಳೆದುಹೋದದ್ದು ಎರಡು. ಒಂದು ಹೊಳೆ. ಬೆಂಗಳೂರಿನ ಬೆಳ್ಳಂದೂರು, ವರ್ತೂರು ಕೆರೆಗಳ ಕೊಳಕು ಹರಿದು ದಕ್ಷಿಣ ಪಿನಾಕಿನಿಗೆ ಸೇರುತ್ತದೆ. ಮಳೆ ಜೋರಾಗಿ ಹೊಸೂರಿನ ಕೆಲವರಪಳ್ಳಿ ಅಣೆಕಟ್ಟಿನ ಬಾಗಿಲು ತೆಗೆದಾಗಲೆಲ್ಲ ನೊರೆ ಆಳೆತ್ತರಕ್ಕೆದ್ದು ಗದ್ದೆಗೂ ರಸ್ತೆಗೂ ನುಗ್ಗುತ್ತದೆ. ಒರತೆ ತೋಡುವ ಮಾತು ಹಾಗಿರಲಿ, ಕಾಲಿಡುವವರಿಲ್ಲ. ಗಡಿಯಾಚೆಯ ಕನ್ನಡಿಗರ ಬಗ್ಗೆ ಭಾಷಣ ಮಾಡುವ ನಾವು ಬೆಂಗಳೂರಿನವರು ಅವರಿಗೆ ದಿನವೂ ಕಳಿಸುತ್ತಿರುವುದು ಇದನ್ನು.

ಇನ್ನೊಂದು ಶಾಲೆ. 2006ರ ತಮಿಳು ಕಲಿಕೆ ಕಾಯಿದೆ ಒಂದನೇ ತರಗತಿಯಿಂದ ಶುರುವಾಗಿ ವರ್ಷಕ್ಕೊಂದು ಮೆಟ್ಟಿಲು ಹತ್ತಿ 2016ರ ಹತ್ತನೇ ತರಗತಿಯ ಪರೀಕ್ಷೆಗೆ ಬಂದು ನಿಂತಿತು. ಆಗ ತೆಲುಗು, ಕನ್ನಡ, ಉರ್ದು ಮಕ್ಕಳು ಕೋರ್ಟಿಗೆ ಹೋಗಿ ವಿನಾಯಿತಿ ಪಡೆಯಬೇಕಾಯಿತು. ತಮಿಳು ಕಲಿಯಬೇಕಾದದ್ದು ತಪ್ಪಲ್ಲ. ಆ ಸಾಲಿನಲ್ಲಿ ನಿಂತು ಗಂಟಲು ಹರಿಯುವಂತೆ ಹಾಡಿದ ಹುಡುಗ ಕಲಿತೇ ಇದ್ದ. ಆದರೆ ತನ್ನ ಭಾಷೆಯ ಪುಸ್ತಕವೂ ಜೊತೆಗಿತ್ತು. ಈಗ ತಾಯಿತಂದೆಯರೇ ಮಕ್ಕಳನ್ನು ಇಂಗ್ಲಿಷ್ ಶಾಲೆಯ ವ್ಯಾನು ಹತ್ತಿಸುತ್ತಾರೆ, ಕಾಯಿದೆಯನ್ನು ಬೈದು ಅರ್ಧ ಸತ್ಯ ಹೇಳಿದರೆ ಸಾಲದು.

ಹೊಸೂರು, ಬಾಗಲೂರು, ತಳಿ, ಡೆಂಕಣಿಕೋಟೆ, ತಾಳವಾಡಿ ಕಡೆಯಲ್ಲಿ ಕನ್ನಡ ಮೀಡಿಯಂನಲ್ಲಿ ಓದಿದವರು ಈ ಬರಹ ಓದುತ್ತಿದ್ದರೆ ಒಂದು ಕೇಳಿಕೆ. ನಿಮ್ಮ ಮನೆಯ ಅಟ್ಟದಲ್ಲಿ ಮದ್ರಾಸಿನಲ್ಲಿ ಅಚ್ಚಾದ ಆ ಹಳೆಯ ಕನ್ನಡ ಪಠ್ಯಪುಸ್ತಕಗಳು ಇನ್ನೂ ಇರಬಹುದು. ರದ್ದಿಗೆ ಹಾಕಬೇಡಿ. ಹತ್ತಿರದ ಯಾವುದಾದರೂ ಕಾಲೇಜಿಗೋ ಲೈಬ್ರರಿಗೋ ಕೊಡಿ, ಕೊಡುವ ಮುನ್ನ ಒಳರಟ್ಟಿನ ಮೇಲೆ ಊರು, ಶಾಲೆ, ಇಸವಿ ಬರೆಯಿರಿ.